ಮನೆಯೊಳಗಿನ ಮರೆಯ ಮೂಲೆ

ಎಪ್ಪತ್ತರ ಹೊಸ್ತಿಲನ್ನು ಸಮೀಪಿಸುತ್ತಿರುವ, ಮಠದ ಅನ್ನವುಂಡು ಮಠದ ವಿದ್ಯೆ ಕಲಿತ ನನ್ನಂತಹವನು ಚೀನಾ ದೇಶದ ಕೊಲೆ-ಪತ್ತೇದಾರಿಯ ಧಾರಾವಾಹಿಯೊಂದನ್ನು ಮೊದಲಿಂದ ಕೊನೆಯವರೆಗೆ ಕುಳಿತು ನೋಡಿದೆನೆಂದರೆ ಈ ಪತ್ರಿಕೆಯ ವಾಚಕರಲ್ಲಿ ಕೆಲವರು ಹುಬ್ಬೇರಿಸಬಹುದು. ವಚನಗಳ ಪಾಠಾಂತರ, ಪುರಾಣಗಳ ಪ್ರವಚನ ಇವುಗಳಲ್ಲಿಯೇ ಆಯುಷ್ಯದ ಬಹುಭಾಗವನ್ನು ಕಳೆದವನಿಗೆ ಇಳಿವಯಸ್ಸಿನಲ್ಲಿ ಇದೇನು ಗೀಳು ಎಂದು ಕೇಳಬಹುದು. ಆ ಪ್ರಶ್ನೆಯನ್ನು ಮೊದಲು ಕೇಳಿದವಳು ನನ್ನ ಮನೆಯವಳೇ. ಅವಳಿಗೆ ಹೇಳಿದ ಉತ್ತರವನ್ನೇ, ಅವಳಿಗೆ ಹೇಳದೆ ಉಳಿಸಿಕೊಂಡಿದ್ದ ಒಂದು ತಪ್ಪಿನ ಸಮೇತ, ಇಲ್ಲಿ ನಿವೇದಿಸಿಕೊಳ್ಳುತ್ತಿದ್ದೇನೆ.

ಬನಶಂಕರಿ ಎರಡನೆಯ ಹಂತದಲ್ಲಿರುವ ನಮ್ಮದು ಮೂರು ತಲೆಮಾರುಗಳು ಒಂದೇ ಸೂರಿನಡಿ ಬಾಳುವ ಮನೆ. ಮೊಮ್ಮಗ ಹತ್ತನೆಯ ತರಗತಿಯಲ್ಲಿದ್ದ. ಬೆಳಿಗ್ಗೆ ಶಾಲೆ, ಸಂಜೆ ಜಯನಗರದ ಕಡೆ ಒಂದು ಟ್ಯೂಷನ್, ರಾತ್ರಿ ಅಭ್ಯಾಸ. ತರಗತಿಗೆ ಮೊದಲಿಗನಾಗಿ ಬರುತ್ತಿದ್ದ ಹುಡುಗ. ಅವನಿಗೆ ಐದು ವರ್ಷವಾಗಿದ್ದಾಗಲೇ ನಾನು ನೂರಕ್ಕೂ ಹೆಚ್ಚು ವಚನಗಳನ್ನು ಬಾಯಿಪಾಠ ಮಾಡಿಸಿದ್ದೆ. ಬಸವ ಜಯಂತಿಯ ವೇದಿಕೆಯಲ್ಲಿ ಅವನು ವಚನ ಹೇಳಿ ಬಹುಮಾನ ಪಡೆದಾಗ ಅವನಿಗಿಂತ ಹೆಚ್ಚಾಗಿ ಬೀಗಿದವನು ನಾನು. ಅಂತಹ ಹುಡುಗ ಕಳೆದ ವರ್ಷ ಇದ್ದಕ್ಕಿದ್ದಂತೆ ಮೌನಿಯಾದ. ಕೇಳಿದಷ್ಟಕ್ಕೆ ಉತ್ತರ, ಕೋಣೆಯ ಬಾಗಿಲು ಸದಾ ಮುಚ್ಚಿಯೇ. ಆಮೇಲೆ ಒಂದು ದಿನ ಟ್ಯೂಷನ್ನಿನವರಿಂದ ದೂರವಾಣಿ ಕರೆ ಬಂತು: ಹುಡುಗ ಎರಡು ವಾರಗಳಿಂದ ತರಗತಿಗೆ ಬಂದಿಲ್ಲ. ಮನೆಯಿಂದ ಮಾತ್ರ ಪ್ರತಿದಿನವೂ ಪುಸ್ತಕದ ಚೀಲ ಹೊತ್ತು ಹೊರಡುತ್ತಿದ್ದ!

ಮಗ ಅಂದು ರಾತ್ರಿ ಪೂಜೆಯ ಕೋಣೆಗೆ ಬಂದು ಬಾಗಿಲು ಮುಂದೆಳೆದು ಮೆಲುದನಿಯಲ್ಲಿ ಹೇಳಿದ: “ಅಪ್ಪಾಜಿ, ನಾವು ಕೇಳಿದರೆ ಅವನು ಬಾಯಿಬಿಡುವುದಿಲ್ಲ. ನಿಮ್ಮ ಹತ್ತಿರ ಸಲಿಗೆ ಇದೆ. ನೀವು ಅವನ ಜೊತೆ ಕುಳಿತು ಮಾತಿಗೆ ಎಳೆಯಿರಿ. ಏನು ಹೇಳುತ್ತಾನೋ ಆಮೇಲೆ ನನಗೆ ತಿಳಿಸಿ. ನಾನು ಕೇಳಿದೆನೆಂದು ಮಾತ್ರ ಅವನಿಗೆ ಗೊತ್ತಾಗಬಾರದು.” ನಾನು ಒಪ್ಪಿಕೊಂಡೆ. ಆಗ ಅದರಲ್ಲಿ ತಪ್ಪೇನೂ ಕಾಣಲಿಲ್ಲ. ಮನೆಯ ಹಿರಿಯ ಮಾಡಬೇಕಾದ ಕರ್ತವ್ಯವೇ ಅದು ಎಂದುಕೊಂಡೆ.

ಹುಡುಗ ಆ ದಿನಗಳಲ್ಲಿ ರಾತ್ರಿ ಊಟವಾದ ಮೇಲೆ ಲ್ಯಾಪ್‌ಟಾಪನ್ನು ಟಿ.ವಿ.ಗೆ ಜೋಡಿಸಿ ಏನನ್ನೋ ನೋಡುತ್ತಿದ್ದ. ನಾನು ಹೋಗಿ ಪಕ್ಕದಲ್ಲಿ ಕುಳಿತೆ. “ತಾತ, ಇದು ಚೀನೀ ಭಾಷೆಯದು, ಕೊಲೆಯ ಕಥೆ. ನಿಮಗೆ ಹಿಡಿಸುವುದಿಲ್ಲ” ಎಂದ. “ಕೆಳಗೆ ಇಂಗ್ಲಿಷಿನಲ್ಲಿ ಅಕ್ಷರ ಬರುತ್ತದಲ್ಲ, ಓದಿಕೊಳ್ಳುತ್ತೇನೆ” ಎಂದೆ. ಹೀಗೆ ಕಪಟದಿಂದಲೇ ನನ್ನ ಚೀನಾ ಪ್ರವೇಶವಾಯಿತು.

ಆ ಧಾರಾವಾಹಿ ೨೦೨೦ರ ಜೂನ್ ತಿಂಗಳಲ್ಲಿ ಚೀನಾದಲ್ಲಿ ಬಿಡುಗಡೆಯಾದದ್ದು; ಒಟ್ಟು ಹನ್ನೆರಡು ಕಂತುಗಳು. ಝಿ ಜಿನ್‌ಚೆನ್ ಎಂಬ ಲೇಖಕ ೨೦೧೪ರಲ್ಲಿ ಪ್ರಕಟಿಸಿದ ಕಾದಂಬರಿಯೇ ಅದಕ್ಕೆ ಆಧಾರ. ನಿರ್ದೇಶಕ ಶಿನ್ ಶ್ವಾಂಗ್. ಇಂಗ್ಲಿಷಿನಲ್ಲಿ ಅದಕ್ಕೆ ‘ಕೆಟ್ಟ ಮಕ್ಕಳು’ ಎಂಬರ್ಥದ ಹೆಸರಿಟ್ಟಿದ್ದಾರೆ. ಚೀನೀ ಭಾಷೆಯ ಮೂಲ ಹೆಸರಿನ ಅರ್ಥ ‘ಮರೆಯ ಮೂಲೆ’ ಎಂದು ಮೊಮ್ಮಗನೇ ಹುಡುಕಿ ಹೇಳಿದ. ಕಥೆ ಮುಗಿಯುವ ಹೊತ್ತಿಗೆ ಎರಡನೆಯ ಹೆಸರೇ ಸರಿಯೆಂದು ನನಗೆ ತೋರಿತು.

ದಕ್ಷಿಣ ಚೀನಾದ ಗ್ವಾಂಗ್‌ಡಾಂಗ್ ಪ್ರಾಂತ್ಯದ ಝಾನ್‌ಜಿಯಾಂಗ್ ಎಂಬ ಕಡಲತೀರದ ಊರಿನಲ್ಲಿ ಅದನ್ನು ಚಿತ್ರೀಕರಿಸಿದ್ದಾರೆ. ಬೇಸಿಗೆಯ ರಜೆ, ಬೆವರು ಸುರಿಸುವ ಸೆಕೆ, ಹಳೆಯ ಓಣಿಗಳು. ಮೊದಲ ಕಂತಿನ ಆರಂಭದಲ್ಲಿಯೇ ಒಬ್ಬ ಗಣಿತದ ಮೇಷ್ಟ್ರು ತನ್ನ ಅತ್ತೆ-ಮಾವಂದಿರನ್ನು ಬೆಟ್ಟಕ್ಕೆ ಕರೆದೊಯ್ಯುತ್ತಾನೆ. ಸಾಧು ಮುಖ, ಮೃದು ಮಾತು, ಕಣ್ಣಿಗೆ ಕನ್ನಡಕ. ಛಾಯಾಚಿತ್ರ ತೆಗೆಯುವ ನೆವದಿಂದ ಅವರನ್ನು ಬಂಡೆಯ ಅಂಚಿನಲ್ಲಿ ಕೂರಿಸಿ, ಹೊಂದಿಸಿ ಕೂರಿಸುವಂತೆ ನಟಿಸುತ್ತಲೇ ಕೆಳಕ್ಕೆ ತಳ್ಳಿಬಿಡುತ್ತಾನೆ. ಅದೇ ಬೆಟ್ಟದಲ್ಲಿ ಆಡಲು ಬಂದಿದ್ದ ಮೂವರು ಮಕ್ಕಳ ಕ್ಯಾಮರಾದಲ್ಲಿ ಆ ದೃಶ್ಯ ಅಕಸ್ಮಾತ್ತಾಗಿ ಸೆರೆಯಾಗುತ್ತದೆ. ಮೂವರಲ್ಲಿ ಇಬ್ಬರು ಅನಾಥಾಲಯದಿಂದ ತಪ್ಪಿಸಿಕೊಂಡು ಬಂದವರು: ಯಾನ್ ಲಿಯಾಂಗ್ ಎಂಬ ಹುಡುಗ, ಪೂಪೂ ಎಂಬ ಪುಟ್ಟ ಹುಡುಗಿ. ಹುಡುಗಿಯ ತಮ್ಮನಿಗೆ ಕಾಯಿಲೆ, ಚಿಕಿತ್ಸೆಗೆ ಹಣ ಬೇಕು. ಪೊಲೀಸರ ಬಳಿ ಹೋದರೆ ಮತ್ತೆ ಅನಾಥಾಲಯಕ್ಕೆ ಕಳಿಸುತ್ತಾರೆಂಬ ಭಯ. ಆದ್ದರಿಂದ ಕೊಲೆಗಾರನನ್ನೇ ಬೆದರಿಸಿ ಹಣ ಕೇಳಲು ಹೊರಡುತ್ತಾರೆ. ಅಲ್ಲಿಂದ ಮುಂದೆ ಒಂದು ಸುಳ್ಳಿಗೆ ಹತ್ತು ಸುಳ್ಳು, ಒಂದು ಸಾವಿಗೆ ಹಲವು ಸಾವು.

ಮೂರನೆಯವನು ಜೂ ಚಾವ್‌ಯಾಂಗ್. ಅವನನ್ನು ಕಂಡಾಗ ನನ್ನ ಎದೆ ಒಮ್ಮೆ ಧಸಕ್ಕೆಂದಿತು. ಶಾಲೆಗೇ ಮೊದಲಿಗ, ಗಣಿತದಲ್ಲಿ ಜಾಣ, ತಂದೆ-ತಾಯಿ ಬೇರೆಯಾದ ಮನೆಯ ಮಗ, ಒಬ್ಬನೇ ಒಬ್ಬ ಗೆಳೆಯನಿಲ್ಲದವನು. ನಿಮ್ಮ ಮಗ ಯಾರೊಡನೆಯೂ ಬೆರೆಯುವುದಿಲ್ಲವೆಂದು ಅಧ್ಯಾಪಕರು ತಾಯಿಗೆ ಹೇಳಿದರೆ, ಓದುವ ಹುಡುಗನಿಗೆ ಓದೇ ಮುಖ್ಯವೆಂಬುದು ಆಕೆಯ ಉತ್ತರ. ಇಂತಹ ಉತ್ತರವನ್ನು ಹಿಂದಿನ ವರ್ಷ ಶಾಲೆಯ ಸಭೆಯೊಂದರಲ್ಲಿ ಕೊಟ್ಟಿದ್ದವರು ನಮ್ಮ ಮನೆಯವರೇ ಎಂಬುದು ನನಗೆ ನೆನಪಾಯಿತು.

ಆ ತಾಯಿ ಮಗನಿಗೆ ಹಾಲು ಕುಡಿಸುವ ಒಂದು ದೃಶ್ಯವಿದೆ. ಮಗ ಬೇಡವೆನ್ನುತ್ತಾನೆ, ಆಕೆ ಬಿಡುವುದಿಲ್ಲ. ಕೊಲೆಯಿಲ್ಲ, ರಕ್ತವಿಲ್ಲ, ಒಂದು ಲೋಟ ಹಾಲು ಮಾತ್ರ. ಆದರೂ ಅದನ್ನು ನೋಡುವಾಗ ಉಸಿರು ಕಟ್ಟಿದಂತಾಯಿತು. ಪ್ರೀತಿ ಎಲ್ಲಿ ಮುಗಿಯಿತು, ಅಂಕೆ ಎಲ್ಲಿ ಮೊದಲಾಯಿತು ಎಂದು ಗೆರೆ ಎಳೆಯಲಾಗದು. ಹಿಂತಿರುಗಿ ನೋಡಿದರೆ ಅಡುಗೆಮನೆಯ ಬಾಗಿಲಲ್ಲಿ ನಮ್ಮ ಸೊಸೆ, ಜ್ಞಾಪಕಶಕ್ತಿಗೆ ಒಳ್ಳೆಯದೆಂದು ಮಗನಿಗೆ ದಿನವೂ ಕೊಡುವ ಬಾದಾಮಿ ಹಾಲಿನ ಲೋಟ ಹಿಡಿದು ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ ತಿಳಿಯದು. ಲೋಟವನ್ನು ಮೇಜಿನ ಮೇಲಿಟ್ಟು, “ಬೇಕಾದರೆ ಕುಡಿ” ಎಂದಷ್ಟೇ ಹೇಳಿ ಒಳಗೆ ಹೋದಳು. ಆ ಮಾತು ನಮ್ಮ ಮನೆಯಲ್ಲಿ ಹೊಸದು.

ಮಕ್ಕಳೊಡನೆ ಕುಳಿತು ಇಂತಹ ಕರಾಳ ಕಥೆಗಳನ್ನು ನೋಡಬಹುದೇ ಎಂದು ಆಸ್ತಿಕ ಕುಟುಂಬಗಳ ತಾಯ್ತಂದೆಯರು ಕೇಳುತ್ತಾರೆ, ಕೇಳುವುದು ನ್ಯಾಯವೇ. ಆದರೆ ನಾವು ಮಕ್ಕಳಿಗೆ ಹೇಳುತ್ತ ಬಂದ ಕಥೆಗಳನ್ನೊಮ್ಮೆ ನೆನೆಯೋಣ. ಕಂಚಿಯ ಸಿರಿಯಾಳ ಶೆಟ್ಟಿ-ಚಂಗಳೆಯರ ಕಥೆ ಯಾವ ಕೊಲೆಯ ಕಥೆಗೆ ಕಡಿಮೆ? ವೇಷ ಮರೆಸಿ ಬಂದ ಶಿವನು ಮಗನ ಮಾಂಸವನ್ನೇ ಬೇಡಿದಾಗ, ಶಾಲೆಯಲ್ಲಿದ್ದ ಚೀಲಾಳನನ್ನು ಕರೆತಂದು ತಾಯ್ತಂದೆಯರೇ ಅಡುಗೆ ಮಾಡಿ ಬಡಿಸುತ್ತಾರೆ. ನಮ್ಮ ಪುರಾಣಕಾರರು ಕತ್ತಲೆಗೆ ಅಂಜಿದವರಲ್ಲ. ಮನುಷ್ಯನ ಎದೆಯಲ್ಲಿ ಎಂತೆಂತಹ ಆಳಗಳಿವೆಯೆಂದು ತೋರಿಸಿಯೇ ಅವರು ಭಕ್ತಿಯ ಮಾತಾಡಿದರು. ಆ ಕಥೆಯ ಕೊನೆಯಲ್ಲಿ ಮಗನನ್ನು ಕರೆಯಿರೆಂದು ಶಿವ ಹೇಳುತ್ತಾನೆ. ಕರೆದರೆ ಚೀಲಾಳ ಓಡಿಬರುತ್ತಾನೆ. ಈ ಚೀನೀ ಕಥೆಯಲ್ಲಿ ಕರೆದರೂ ಓಡಿಬರುವವರು ಯಾರೂ ಇಲ್ಲ. ಅಂಕಪಟ್ಟಿಗೆ, ಪ್ರತಿಷ್ಠೆಗೆ ಮಕ್ಕಳನ್ನು ಬಡಿಸುತ್ತಿರುವ ನಮಗೆ ಯಾವ ಶಿವ ಬಂದು ಕರೆಯಿರಿ ಎನ್ನುತ್ತಾನೆ?

ಪತ್ತೇದಾರಿಯ ರುಚಿ ನನಗೆ ಹೊಸದೇನೂ ಅಲ್ಲ. ಎಪ್ಪತ್ತರ ದಶಕದಲ್ಲಿ ಮಠದ ಪ್ರಸಾದನಿಲಯದಲ್ಲಿದ್ದಾಗ, ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಗಳು ಹಾಸಿಗೆಯಿಂದ ಹಾಸಿಗೆಗೆ ಸಂಚರಿಸುತ್ತಿದ್ದವು. ಐನೂರಕ್ಕೂ ಮಿಕ್ಕಿ ಕಾದಂಬರಿ ಬರೆದು ಹಳ್ಳಿಗಾಡಿನ ಕನ್ನಡಿಗರಿಗೆ ಓದಿನ ಹುಚ್ಚು ಹಿಡಿಸಿದ ಮಹನೀಯರು ಅವರು. ಒಂದು ರಾತ್ರಿ ಕಂಬಳಿಯೊಳಗೆ ಟಾರ್ಚಿನ ಬೆಳಕಿನಲ್ಲಿ ಅವರ ಪುಸ್ತಕ ಓದುತ್ತಿದ್ದಾಗ ನಿಲಯದ ಹಿರಿಯರ ಕೈಗೆ ಸಿಕ್ಕಿಬಿದ್ದೆ. ಮಾರನೆಯ ದಿನ ಅವರು ನನ್ನನ್ನು ಕರೆಸಿದರು. ಪೆಟ್ಟು ಬೀಳುವುದು ಖಚಿತವೆಂದು ನಡುಗುತ್ತ ನಿಂತೆ. ಅವರು ಪುಸ್ತಕವನ್ನು ಹಿಂದಿರುಗಿಸಿ, “ಅರ್ಧಕ್ಕೆ ನಿಂತಿದೆಯಲ್ಲಪ್ಪ, ಹಗಲು ಹೊತ್ತು ಓದಿ ಮುಗಿಸು. ಕಳ್ಳ ಯಾರೆಂದು ನನಗೂ ಹೇಳು” ಎಂದರು. ನಾನು ಓದಿ ಮುಗಿಸಿ ಹೇಳಿದೆ. ಅವರು ಆಸಕ್ತಿಯಿಂದ ಕೇಳಿದರು. ಅಂದಿನಿಂದ ಆ ಹಿರಿಯರಿಂದ ಮುಚ್ಚಿಡಬೇಕೆಂದು ನನಗೆ ಯಾವುದೂ ಅನಿಸಲಿಲ್ಲ. ಮನೆಯಿಂದ ಕಾಗದ ಬಾರದಿದ್ದ ದುಃಖವನ್ನೂ ಕೊನೆಗೆ ಅವರಲ್ಲಿಯೇ ಹೇಳಿಕೊಂಡೆ.

ಆಮೇಲೆ ತೊಂಬತ್ತರ ದಶಕದ ಆರಂಭದಲ್ಲಿ ಬೆಂಗಳೂರು ದೂರದರ್ಶನದಲ್ಲಿ ಸದಾನಂದ ಸುವರ್ಣರ ‘ಗುಡ್ಡದ ಭೂತ’ ಬರುತ್ತಿತ್ತು. ಪ್ರಕಾಶ್ ರೈ ಅವರು ಇನ್ನೂ ತರುಣ ನಟರಾಗಿದ್ದ ಕಾಲ. ಅದರ ತುಳು ಹಾಡು ಕರಾವಳಿಯನ್ನು ಕಾಣದ ಬಯಲುಸೀಮೆಯ ಮಕ್ಕಳ ಬಾಯಲ್ಲಿಯೂ ಇತ್ತು. ಅಂದು ಒಂದು ಟಿ.ವಿ.ಯ ಮುಂದೆ ನೆರೆಹೊರೆಯವರೆಲ್ಲ ಕೂಡುತ್ತಿದ್ದೆವು. ಹೆದರಿದ ಮಕ್ಕಳು ಯಾರದಾದರೂ ಮಡಿಲಿಗೆ ಸರಿಯುತ್ತಿದ್ದರು. ಇಂದು ಮನೆಯಲ್ಲಿ ನಾಲ್ವರಿದ್ದರೆ ನಾಲ್ಕು ತೆರೆಗಳು. ಮಗು ಏನು ನೋಡಿ ಹೆದರಿತೆಂದು ಪಕ್ಕದ ಕೋಣೆಯವರಿಗೆ ತಿಳಿಯದು. ಹೆದರಿಕೆಯ ಕಥೆಯಿಂದ ಆಗುವ ಕೇಡಿಗಿಂತ ಒಂಟಿಯಾಗಿ ಹೆದರುವುದರಿಂದ ಆಗುವ ಕೇಡು ದೊಡ್ಡದು ಎಂಬುದು ನನ್ನ ಈಗಿನ ಅಭಿಪ್ರಾಯ.

ಇನ್ನು ನನ್ನ ತಪ್ಪಿನ ವಿಷಯಕ್ಕೆ ಬರುತ್ತೇನೆ. ಕಂತು ಕಂತಿನ ನಡುವೆ ನಾನು ಮೊಮ್ಮಗನನ್ನು ಮೆಲ್ಲಗೆ ಮಾತಿಗೆಳೆಯುತ್ತಿದ್ದೆ. “ನಿನಗೂ ಹೀಗೆ ಗೆಳೆಯರಿಲ್ಲವೇನು ಮರಿ? ಸಂಜೆಯೆಲ್ಲ ಎಲ್ಲಿರುತ್ತೀಯೆ?” ಎಂದು ಏನೂ ಅರಿಯದವನಂತೆ ಕೇಳುತ್ತಿದ್ದೆ. ಹುಡುಗ ಸ್ವಲ್ಪ ಸ್ವಲ್ಪವಾಗಿ ಹೇಳತೊಡಗಿದ. ಲಾಲ್‌ಬಾಗಿನ ಬಂಡೆಯ ಮೇಲೆ ಒಬ್ಬನೇ ಕುಳಿತಿರುತ್ತೇನೆಂದು ಹೇಳಿದ. ಬೆಳಿಗ್ಗೆ ಮಗ ಕಛೇರಿಗೆ ಹೊರಡುವ ಮುನ್ನ ನಾನು ಅದನ್ನು ಅವನ ಕಿವಿಗೆ ಹಾಕುತ್ತಿದ್ದೆ. ಮೂರು ದಿನ ಹೀಗೆ ನಡೆಯಿತು.

ನಾಲ್ಕನೆಯ ರಾತ್ರಿ ಒಂದು ದೃಶ್ಯ ಬಂತು. ಚಾವ್‌ಯಾಂಗನ ತಂದೆ ಎರಡನೆಯ ಮದುವೆಯಾದವನು. ಆ ಹೆಂಡತಿಯಲ್ಲಿ ಹುಟ್ಟಿದ ಮಗಳು ಕಟ್ಟಡದ ಮೇಲಿನಿಂದ ಬಿದ್ದು ಸತ್ತಿದ್ದಾಳೆ. ಆ ಸಾವಿನಲ್ಲಿ ಹಿರಿಯ ಮಗನ ಕೈವಾಡವಿರಬಹುದೆಂಬ ಗುಮಾನಿ. ಎಷ್ಟೋ ದಿನಗಳ ಮೇಲೆ ತಂದೆ ಮಗನನ್ನು ಸಿಹಿ ಪಾನೀಯದ ಅಂಗಡಿಗೆ ಕರೆದೊಯ್ಯುತ್ತಾನೆ. ಮಗನ ಮುಖದಲ್ಲಿ ಹಿಗ್ಗು. ತಂದೆ ಬಹಳ ಅಕ್ಕರೆಯಿಂದ ಆ ದಿನ ನಡೆದದ್ದೇನೆಂದು ವಿಚಾರಿಸುತ್ತಾನೆ. ಅವನ ಬಳಿ ಮರೆಯಲ್ಲಿ ಧ್ವನಿಮುದ್ರಣದ ಯಂತ್ರ ಓಡುತ್ತಿದೆ. ಅದು ಹುಡುಗನ ಕಣ್ಣಿಗೆ ಬೀಳುತ್ತದೆ. ಅವನು ಕೂಗಾಡುವುದಿಲ್ಲ, ಎದ್ದು ಹೋಗುವುದೂ ಇಲ್ಲ. ಅಲ್ಲಿಯೇ ಕುಳಿತು, ಕಣ್ಣೀರಿಡುತ್ತ, ಆ ಯಂತ್ರ ಕೇಳಬೇಕಾದದ್ದನ್ನು ಹೇಳತೊಡಗುತ್ತಾನೆ. ಆ ಕಣ್ಣೀರಿನಲ್ಲಿ ದಿಟವೆಷ್ಟು, ನಟನೆಯೆಷ್ಟು ಎಂದು ಬೇರ್ಪಡಿಸಲು ನೋಡುವವರಿಂದ ಸಾಧ್ಯವಿಲ್ಲ. ಬಹುಶಃ ಅವನಿಂದಲೂ ಸಾಧ್ಯವಿಲ್ಲ. ತಂದೆಯೊಡನೆ ಕಪಟವಿಲ್ಲದೆ ಮಾತಾಡುವ ಶಕ್ತಿ ಆ ಮಗುವಿನಲ್ಲಿ ಅಂದು ಸತ್ತುಹೋಯಿತು.

ನನ್ನ ಕೈ ತಣ್ಣಗಾಯಿತು. ಆ ತಂದೆಗಾದರೂ ಸತ್ತ ಮಗಳ ದುಃಖವೆಂಬ ನೆಪವಿತ್ತು, ನನಗೆ ಯಾವುದಿತ್ತು? ಮೂರು ದಿನಗಳಿಂದ ಈ ಕೂಸಿನ ಪಕ್ಕದಲ್ಲಿ ಮುದುಕನ ವೇಷ ತೊಟ್ಟು ಕುಳಿತಿದ್ದ ಯಂತ್ರ ನಾನೇ ಆಗಿದ್ದೆ. ಬಸವಣ್ಣನವರು ಬೋಧಿಸಿದ ಸಪ್ತಶೀಲವನ್ನು ಈ ಹುಡುಗನ ಬಾಯಲ್ಲಿ ನೂರು ಸಲ ಹೇಳಿಸಿದವನು ನಾನು. ಅಂತರಂಗ-ಬಹಿರಂಗ ಶುದ್ಧಿಯ ಬಗ್ಗೆ ಊರೂರಿನಲ್ಲಿ ಉಪನ್ಯಾಸ ಮಾಡಿದವನು. ಹಣೆಯ ಮೇಲೆ ವಿಭೂತಿ ಇದ್ದೂ ನಾಲಗೆಯ ಮೇಲೆ ಕಪಟವಿತ್ತು.

“ಸ್ವಲ್ಪ ನಿಲ್ಲಿಸು ಮರಿ” ಎಂದೆ. ಅವನು ನಿಲ್ಲಿಸಿದ. “ಈ ಮೂರು ದಿನ ನೀನು ನನಗೆ ಹೇಳಿದ್ದನ್ನೆಲ್ಲ ನಾನು ನಿನ್ನ ಅಪ್ಪನಿಗೆ ಹೇಳಿದ್ದೇನೆ. ನಿನ್ನ ಜೊತೆ ಕುಳಿತದ್ದೇ ಅದಕ್ಕಾಗಿ. ತಪ್ಪಾಯಿತು” ಎಂದೆ.

ಹುಡುಗ ಬಹಳ ಹೊತ್ತು ತೆರೆಯನ್ನೇ ನೋಡುತ್ತಿದ್ದ. ಅನಂತರ, “ಗೊತ್ತಿತ್ತು ತಾತ” ಎಂದ.

ಆ ಎರಡು ಮಾತುಗಳು ನನ್ನನ್ನು ಕುಟ್ಟಿ ಕೆಡವಿದವು. ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ಹೇಳುತ್ತಿದ್ದ. ಅಪ್ಪನಿಗೆ ತಲುಪಲೆಂದೇ ಅಳೆದು ಸುರಿದು ಹೇಳುತ್ತಿದ್ದ. ಕಥೆಯ ಆ ಹುಡುಗನೂ ಈ ನಮ್ಮ ಮಗುವೂ ಒಂದೇ ಹಾದಿಯಲ್ಲಿ ಒಂದೆರಡು ಹೆಜ್ಜೆಗಳ ಅಂತರದಲ್ಲಿದ್ದರು. ಕೆಟ್ಟ ಮಕ್ಕಳು ಎಲ್ಲಿಂದಲೋ ಹುಟ್ಟಿ ಬರುವುದಿಲ್ಲ. ನಂಬಿಕೆಯ ಜಾಗದಲ್ಲಿ ನಾವು ನಿಗಾ ಇಟ್ಟ ದಿನ, ಮನೆಯೊಳಗೇ ಒಂದು ಮರೆಯ ಮೂಲೆ ಏಳುತ್ತದೆ. ಮಗು ಅಲ್ಲಿ ವಾಸಿಸಲು ಕಲಿಯುತ್ತದೆ.

ಮರುದಿನ ಬೆಳಿಗ್ಗೆ ಮಗನಿಗೆ ಹೇಳಿದೆ: “ಇನ್ನು ನನ್ನಿಂದ ಈ ಕೆಲಸವಾಗದಪ್ಪ. ಕೇಳುವುದಿದ್ದರೆ ನೀನೇ ಕೇಳು. ಹೇಳುವವರೆಗೆ ಕಾಯುವುದಿದ್ದರೆ ಕಾಯಿ.” ಅವನಿಗೆ ಕೋಪ ಬಂತು. “ಪರೀಕ್ಷೆಗೆ ನಾಲ್ಕು ತಿಂಗಳಿದೆ ಅಪ್ಪಾಜಿ, ಕಾಯುವುದೆಂದರೇನು?” ಎಂದ. ಅವನ ಕಳವಳವೂ ಸುಳ್ಳಲ್ಲ. ಈ ಊರಿನಲ್ಲಿ ಅಂಕಗಳು ಕೊಡುವ ಬದುಕು, ಕಳೆಯುವ ಬದುಕು ಎರಡನ್ನೂ ಅವನು ಬಲ್ಲ. ಆದರೂ ಆ ಸಂಜೆಯಿಂದ ಅವನು ಕಛೇರಿಯಿಂದ ಬಂದು ನಮ್ಮೊಡನೆ ಕುಳಿತ. ಉಳಿದ ಕಂತುಗಳನ್ನು ಮನೆಯವರೆಲ್ಲ ಕೂಡಿಯೇ ನೋಡಿದೆವು. ಯಾರೂ ಯಾರನ್ನೂ ಏನನ್ನೂ ಕೇಳಲಿಲ್ಲ.

ಕಥೆಯಲ್ಲಿ ಆ ಗಣಿತದ ಮೇಷ್ಟ್ರು ಮಕ್ಕಳಿಗೆ ಡೆಕಾರ್ಟೆ ಎಂಬ ತತ್ತ್ವಜ್ಞಾನಿಯ ವೃತ್ತಾಂತ ಹೇಳುತ್ತಾನೆ. ಸ್ವೀಡನ್ನಿನ ರಾಜಕುಮಾರಿಗೆ ಹೃದಯದಾಕಾರದ ರೇಖೆಯನ್ನು ಗಣಿತದ ಸಮೀಕರಣದಲ್ಲಿ ಬರೆದು ಕಳುಹಿಸಿದನೆಂಬುದು ಸವಿಯಾದ ಕಟ್ಟುಕಥೆ. ಚರಿತ್ರೆ ಹೇಳುವುದೇ ಬೇರೆ: ಆತ ಕ್ರಿಸ್ಟಿನಾ ರಾಣಿಗೆ ಪಾಠ ಹೇಳಲು ಹೋಗಿ, ಸ್ಟಾಕ್‌ಹೋಮಿನ ಕಡುಚಳಿಯಲ್ಲಿ ಕಾಯಿಲೆ ಬಿದ್ದು ೧೬೫೦ರ ಫೆಬ್ರವರಿಯಲ್ಲಿ ತೀರಿಕೊಂಡ. ಧಾರಾವಾಹಿಯ ಮುಕ್ತಾಯವೂ ಹಾಗೆಯೇ ಎರಡು ಬಗೆಯಾಗಿ ಅರ್ಥವಾಗುತ್ತದೆ. ಸವಿಯಾದುದನ್ನು ನಂಬುವವರು ಅದನ್ನು ನಂಬಬಹುದು. ಕಹಿಯನ್ನು ಕಾಣಬಲ್ಲವರಿಗೆ ಅದು ಅಲ್ಲಿಯೇ ಕಾಣುತ್ತದೆ. ಮೂಲ ಕಾದಂಬರಿಯಲ್ಲಿ ಆ ಹುಡುಗ ಇನ್ನೂ ಕಠೋರನಂತೆ. ಚಿತ್ರಿಸಿದವರು ಅವನಿಗೊಂದು ಬಾಗಿಲನ್ನು ಅರೆ ತೆರೆದಿಟ್ಟಿದ್ದಾರೆ.

ಕಥೆಯಲ್ಲಿ ನನ್ನ ಮನಸ್ಸಿಗೆ ತಂಪೆರೆದವನು ಚೆನ್ ಎಂಬ ಹಿರಿಯ ಪೊಲೀಸಿನವನು. ಯಾನ್ ಲಿಯಾಂಗನಿಗೆ ಆತ ಉಣ್ಣಿಸುತ್ತಾನೆ, ಗದರಿಸುತ್ತಾನೆ, ಮಗನಂತೆ ಕಾಣುತ್ತಾನೆ. ಮೂವರಲ್ಲಿ ಹೆಚ್ಚು ಪುಂಡನೆಂದು ಮೊದಲಿಗೆ ತೋರುವ ಹುಡುಗನೇ ಕೊನೆಗೆ ಹೆಚ್ಚು ನೇರವಾಗಿ ನಿಲ್ಲುತ್ತಾನೆ. ಮೊದಲಿಗನೆಂದು ಹೊಗಳಿಸಿಕೊಂಡವನು ಬಾಗುತ್ತಾನೆ. ಇದನ್ನು ನೋಡುವಾಗ ನಮ್ಮ ಮಠಗಳ ದಾಸೋಹದ ಅರ್ಥ ನನಗೆ ಇನ್ನೊಮ್ಮೆ ಹೊಳೆಯಿತು. ತುಮಕೂರಿನ ಸಿದ್ಧಗಂಗೆಯಲ್ಲಿ ಸಾವಿರಾರು ಮಕ್ಕಳು ಇಂದಿಗೂ ಜಾತಿಮತಗಳ ಭೇದವಿಲ್ಲದೆ ಒಟ್ಟಿಗೆ ಕುಳಿತು ಉಣ್ಣುತ್ತಾರೆ. ಅಲ್ಲಿ ನಡೆಯುವುದು ಬರಿಯ ಅನ್ನದಾನವಲ್ಲ. ‘ಊಟವಾಯಿತೇನಪ್ಪ?’ ಎಂದು ಕೇಳುವ ಹಿರಿಯರೊಬ್ಬರು ಪ್ರತಿಯೊಂದು ಮಗುವಿಗೂ ಇದ್ದಾರೆಂಬ ಭರವಸೆ ಅದು. ನಗರದ ತಿಂಡಿ ತುಂಬಿದ ಮನೆಗಳಲ್ಲಿ ಆ ಪ್ರಶ್ನೆ ‘ಎಷ್ಟು ಅಂಕ ಬಂತು?’ ಎಂದಾಗಿದೆ.

ಮೊಮ್ಮಗ ಸುಮಾರು ಒಂದು ತಿಂಗಳ ಮೇಲೆ ತಾನಾಗಿಯೇ ಮಾತಾಡಿದ. ಮೊದಲು ತಂದೆಯೊಡನೆ, ಆಮೇಲೆ ನನ್ನೊಡನೆ. ಏನು ಹೇಳಿದನೆಂಬುದನ್ನು ಇಲ್ಲಿ ಬರೆಯುವುದಿಲ್ಲ. ಒಮ್ಮೆ ಮಾಡಿದ ತಪ್ಪನ್ನು ಪತ್ರಿಕೆಯ ಮೂಲಕ ಎರಡನೆಯ ಬಾರಿ ಮಾಡಲಾರೆ. ಅದು ನಾವು ಅಂಜಿದಷ್ಟು ದೊಡ್ಡದಾಗಿರಲಿಲ್ಲ, ಅವನು ಒಬ್ಬನೇ ಹೊರಬಹುದಾದಷ್ಟು ಚಿಕ್ಕದೂ ಆಗಿರಲಿಲ್ಲ ಎಂದಷ್ಟೇ ಹೇಳಬಲ್ಲೆ. ಟ್ಯೂಷನ್ ಬಿಡಿಸಿದೆವು. ಪರೀಕ್ಷೆಯಲ್ಲಿ ತೇರ್ಗಡೆಯಾದ, ಈ ಸಲ ಮೊದಲಿಗನಾಗಲಿಲ್ಲ.

ಫಲಿತಾಂಶ ಬಂದ ವಾರ ಅವನು ನನ್ನ ಬಳಿ ಬಂದು ಗಂಭೀರವಾಗಿ, “ತಾತ, ಬೆಟ್ಟ ಹತ್ತೋಣವೇ?” ಎಂದು ಕೇಳಿದ. ಆ ಧಾರಾವಾಹಿ ಬಂದ ಮೇಲೆ ಚೀನಾದಲ್ಲಿ ಈ ಮಾತೊಂದು ನಗೆಚಾಟಿಕೆಯೇ ಆಗಿಹೋಗಿದೆಯಂತೆ. ಮನೆಯವರೆಲ್ಲ ನಕ್ಕೆವು. ನಕ್ಕ ಮೇಲೆ ನಿಜವಾಗಿಯೂ ಶಿವಗಂಗೆಗೆ ಹೊರಟೆವು. ಬಂಡೆಯಲ್ಲಿ ಕಡಿದ ಮೆಟ್ಟಿಲುಗಳನ್ನೇರುವಾಗ ಕಡಿದಾದ ಎಡೆಗಳಲ್ಲಿ ಹುಡುಗ ಕೈ ಹಿಡಿದು ನನ್ನನ್ನು ಮೇಲಕ್ಕೆಳೆದುಕೊಂಡ.

ಅಲ್ಲಿ ಒಳಕಲ್ಲು ತೀರ್ಥವಿರುವುದು ವಾಚಕರಲ್ಲಿ ಅನೇಕರಿಗೆ ಗೊತ್ತು. ಬಂಡೆಯ ಬಿಲದೊಳಗೆ ಕೈ ಇಳಿಬಿಟ್ಟು ನೀರನ್ನು ಮುಟ್ಟಬೇಕು. ಒಳಗೆ ಏನೂ ಕಾಣದು. ಕೆಲವರಿಗೆ ನೀರು ಸಿಗುತ್ತದೆ, ಕೆಲವರಿಗೆ ಸಿಗುವುದಿಲ್ಲ. ಸಿಕ್ಕವರು ಪುಣ್ಯವಂತರೆಂದು ಜನ ಹೇಳುತ್ತಾರೆ. ನನಗೆ ಅಂದು ಕೂಡಲೇ ಸಿಗಲಿಲ್ಲ. “ಅವಸರ ಮಾಡಬೇಡಿ ತಾತ, ಕೈ ಅಲ್ಲೇ ಇರಲಿ” ಎಂದ ಮೊಮ್ಮಗ. ಇರಿಸಿದೆ. ಸ್ವಲ್ಪ ಹೊತ್ತಿನ ಮೇಲೆ ಬೆರಳ ತುದಿಗೆ ತಣ್ಣಗೆ ತಾಗಿತು.